ಕೇಳದೇ ತುಂಬಿದ ಫಾರಂ

ನಮ್ಮ ಸ್ಕ್ಯಾನ್ ಕೋಣೆಯ ಫಾರಂನಲ್ಲಿ ಇಪ್ಪತ್ತೆರಡು ಪ್ರಶ್ನೆಗಳಿವೆ. ಎದೆಯೊಳಗೆ ಯಂತ್ರ ಕೂರಿಸಿದ್ದಾರಾ, ಕಣ್ಣಿಗೆ ಎಂದಾದರೂ ಲೋಹದ ಚೂರು ಬಿದ್ದಿತ್ತಾ, ಈ ತಿಂಗಳು ಜ್ವರ ಬಂದಿತ್ತಾ, ಯಾವ ಮಾತ್ರೆ ನುಂಗುತ್ತಿದ್ದೀರಿ, ಕುಡಿತ ಇದೆಯಾ, ಬಸುರಿಯಾ. ಇಪ್ಪತ್ತಮೂರು ವರ್ಷಗಳಿಂದ ಬಂದವರನ್ನೆಲ್ಲ ಇದೇ ಪ್ರಶ್ನೆಗಳಿಂದ ಗೋಳು ಹುಯ್ದುಕೊಂಡಿದ್ದೇನೆ. ಎಂಬತ್ತು ದಾಟಿದ ಅಜ್ಜಿಯೊಬ್ಬಳನ್ನು ಬಸುರಿಯಾ ಎಂದು ಕೇಳಿದೆ. "ನಿನ್ನ ಬಾಯಿಗೆ ಸಕ್ಕರೆ ಹಾಕ!" ಎಂದು ನಕ್ಕು ನಕ್ಕು ಆಕೆಗೆ ಕೆಮ್ಮು ಬಂತು. ದೊಡ್ಡ ಅಧಿಕಾರಿಯೊಬ್ಬ, "ನಾನ್ಯಾರು ಅಂತ ಗೊತ್ತೇನ್ರಿ?" ಎಂದು ಕಣ್ಣು ಕೆಂಪಗೆ ಮಾಡಿದ. "ಗೊತ್ತಿಲ್ಲ ಸಾರ್, ಅದಕ್ಕೇ ಕೇಳ್ತಿರೋದು" ಎಂದೆ.

ಫಾರಂ ಆದ ಮೇಲೆ ಮಲಗಿಸುವುದು, ತಲೆಗೆ ಪಂಜರದಂಥ ಮುಚ್ಚಳ ಹಾಕುವುದು, ಗಾಜಿನಾಚೆ ಕೂತು ಮೈಕಿನಲ್ಲಿ "ಅಲ್ಲಾಡಬೇಡಿ, ಅಲ್ಲಾಡಬೇಡಿ" ಎನ್ನುವುದು. ಆಸ್ಪತ್ರೆಯಲ್ಲಿ ನನಗೆ ಅಲ್ಲಾಡಬೇಡಿ ಮೇಡಂ ಎಂದೇ ಹೆಸರು. ನನ್ನ ಕೆಲಸದಲ್ಲಿ ತಪ್ಪು ಹುಡುಕಿದವರು ಯಾರೂ ಇರಲಿಲ್ಲ. ಆ ಕೊಬ್ಬೂ ನನಗೆ ಚೆನ್ನಾಗಿಯೇ ಇತ್ತು.

ಇಷ್ಟು ವರ್ಷಗಳಲ್ಲಿ ಆ ಕೋಣೆಗೆ ಬಂದವರಲ್ಲಿ ನಾನು ಏನನ್ನೂ ಕೇಳದೆ ಮಲಗಿಸಿದ್ದು ಒಬ್ಬನನ್ನು ಮಾತ್ರ. ಅವನು ನನ್ನ ಒಡಹುಟ್ಟಿದ ತಮ್ಮ.

ತಮ್ಮ ನೆಲಕ್ಕೂ ಗೋಡೆಗೂ ಟೈಲ್ ಕೂರಿಸುವವನು. ಮನೆಯಲ್ಲಿ ನಲವತ್ನಾಲ್ಕು ವರ್ಷವಾದರೂ ಅವನು ಪುಟ್ಟನೇ. ಕೆಲಸದ ಜಾಗದಲ್ಲಿ ಮಾತ್ರ ಅವನನ್ನು 'ರಸಮಟ್ಟ' ಎಂದು ಕರೆಯುತ್ತಿದ್ದರು. ಗಾಜಿನ ನಳಿಗೆಯೊಳಗೆ ಗುಳ್ಳೆ ನಡುವೆ ನಿಂತರೆ ನೆಲ ಸಮ ಎಂದು ಹೇಳುವ ಆ ಉಪಕರಣ ಇವನಿಗೆ ಬೇಕೇ ಇರಲಿಲ್ಲ. ನೆಲಕ್ಕೆ ಕೆನ್ನೆ ತಾಗಿಸಿ ಒಂದು ಕಣ್ಣು ಮುಚ್ಚಿ ನೋಡಿ, "ಆ ಮೂಲೆ ಒಂದು ನೂಲು ಎತ್ತರ" ಎನ್ನುತ್ತಿದ್ದ. ಅಳೆದರೆ ಸರಿಯಾಗಿ ಒಂದು ನೂಲು.

ಅಂಥ ಕೈ ಇದ್ದವನು ಹದಿನೈದು ವರ್ಷ ಕುಡಿದ. ನಮ್ಮಮ್ಮನ ಹೆಣ ಮನೆಯಲ್ಲಿ ಮಲಗಿದ್ದಾಗ ಕುಡಿದು ಬಂದು ಹೊಸ್ತಿಲ ಮೇಲೆ ಬಿದ್ದ. ಬಂದವರು ಅವನನ್ನು ದಾಟಿಕೊಂಡು ಒಳಗೆ ಬಂದರು. ಅದನ್ನು ನಾನು ಮರೆಯಲಿಲ್ಲ. ಮರೆಯಬಾರದು ಎಂದು ಹಟ ಹಿಡಿದು ನೆನಪಿಟ್ಟುಕೊಂಡೆ.

ಆಮೇಲೊಂದು ದಿನ ಬಿಟ್ಟ. ಪ್ರಮಾಣ ಇಲ್ಲ, ಆಣೆ ಇಲ್ಲ, ಸುಮ್ಮನೆ ಬಿಟ್ಟ. ವರ್ಷ ತುಂಬಿದ ದಿನ ಅಡುಗೆಮನೆಯ ಬಿಳಿ ಗೋಡೆಯಿಂದ ಒಂದು ಟೈಲ್ ಕಿತ್ತು ಆ ಜಾಗದಲ್ಲಿ ನೀಲಿಯದೊಂದನ್ನು ಕೂರಿಸಿದ. ಮರುವರ್ಷ ಅದರ ಪಕ್ಕ ಇನ್ನೊಂದು. ಹೀಗೆ ಒಲೆಯ ಮೇಲುಗಡೆ ನಾಲ್ಕು ನೀಲಿ ಟೈಲ್ ಆದವು. ಬಂದವರು ಯಾರಾದರೂ "ಇದೇನು, ಬಿಳಿ ಟೈಲ್ ಸಾಲದೆ ಬಂತಾ?" ಎಂದರೆ ಅವನ ಹೆಂಡತಿ ಸೆರಗಿನಿಂದ ಅವನ್ನು ಒರೆಸುತ್ತ, "ಸಾಲದೆ ಏನಿಲ್ಲ, ಇನ್ನೂ ಬಹಳ ಇವೆ" ಎನ್ನುತ್ತಿದ್ದಳು. ನಾನು ಆ ಟೈಲ್‌ಗಳನ್ನು ಹೊಗಳಿದೆ. ನಂಬಲಿಲ್ಲ ಅಷ್ಟೇ. ನಾಯಿ ಬಾಲಕ್ಕೆ ದಬ್ಬೆ ಕಟ್ಟಿದ್ದಾರೆ, ಬಿಚ್ಚಿದ ದಿನ ನೋಡೋಣ ಎಂದು ಒಳಗೊಳಗೇ ಕಾಯುತ್ತಿದ್ದೆ.

ಐದನೆಯ ಟೈಲ್‌ಗೆ ಎಂಟು ತಿಂಗಳು ಉಳಿದಿದ್ದಾಗ, ಬೆಳಗ್ಗೆ ಹನ್ನೊಂದಕ್ಕೆ, ಅವನ ಹೆಂಡತಿ ಫೋನ್ ಮಾಡಿದಳು.

"ಅತ್ತಿಗೆ, ಇವರನ್ನ ಕೆಲಸದಿಂದ ವಾಪಸ್ ಕಳಿಸಿದಾರೆ. ನಿಲ್ಲೋಕಾಗ್ತಿಲ್ಲ. ಬೇಗ ಬನ್ನಿ."

ಹೋದೆ. ತಮ್ಮ ಗೋಡೆ ಹಿಡಿದುಕೊಂಡು ನಿಂತಿದ್ದ. ಕಾಲು ಅಗಲಿಸಿ, ಒಂದು ಹೆಜ್ಜೆಗೆ ಎರಡು ಕಡೆ ವಾಲುತ್ತ ನನ್ನ ಕಡೆ ಬಂದ. ಮಾತು ನಾಲಿಗೆಯಲ್ಲಿ ತೊಡರುತ್ತಿತ್ತು. ನಡುನಡುವೆ ಬಿಕ್ಕಳಿಕೆ. ಕೆಲಸದ ಜಾಗದಲ್ಲಿ ಒಂದು ಸಾಲು ಟೈಲ್ ಸೊಟ್ಟಗೆ ಕೂರಿಸಿದ್ದನಂತೆ. "ರಸಮಟ್ಟನ ಗುಳ್ಳೆ ಇವತ್ತು ಒಂದು ಕಡೆಗೇ ಓಡ್ತಿದೆ" ಎಂದು ಎಲ್ಲರೂ ನಕ್ಕರಂತೆ.

"ಎರಡೆರಡು ಕಾಣ್ತಿದೆ ಅಕ್ಕ. ನೀನೂ ಇಬ್ರು."

"ಒಬ್ಬಳೇ ಸಾಕು ನಿನ್ನ ಹಣೆಬರಹ ನೋಡೋಕೆ. ಎಷ್ಟು ಹಾಕಿದೀಯ?"

ಅವನು ನನ್ನನ್ನು ನೋಡಿದ. ಯಾವ ನನ್ನನ್ನು ನೋಡಿದನೋ. "ಕುಡಿದಿಲ್ಲ" ಎಂದ.

"ಅಮ್ಮ ಸತ್ತ ದಿನಾನೂ ಇದೇ ಅಂದಿದ್ದೆ."

ಅವನ ಹೆಂಡತಿ ನಡುವೆ ಬಂದಳು. ಯಾವತ್ತೂ ನನ್ನೆದುರು ದನಿ ಎತ್ತದವಳು. "ಅತ್ತಿಗೆ, ಹದಿನೈದು ವರ್ಷ ಆ ವಾಸನೆ ಪಕ್ಕದಲ್ಲಿ ಮಲಗಿದೀನಿ. ನನ್ನ ಮೂಗಿಗಿಂತ ನಿಮ್ಮ ಕಣ್ಣು ದೊಡ್ಡದಾ? ಅವರು ಕುಡಿದಿಲ್ಲ."

"ವಾಸನೆ ಇಲ್ಲದ್ದೂ ಸಿಗುತ್ತೆ ಕಣೆ. ನೀನೊಬ್ಳು ಪಾಪದವಳು" ಎಂದೆ.

ನಮ್ಮ ಆಸ್ಪತ್ರೆಯ ತುರ್ತು ವಿಭಾಗಕ್ಕೇ ಕರೆದುಕೊಂಡು ಹೋದೆ. ಅಲ್ಲಿದ್ದ ಚಿಕ್ಕ ವಯಸ್ಸಿನ ಡಾಕ್ಟರು ತಮ್ಮನನ್ನು ಕೇಳುವ ಬದಲು ನನ್ನನ್ನು ಕೇಳಿದರು, ಪರಿಚಯದವಳಲ್ಲವೇ. "ಕುಡಿತ ಇದೆಯಾ ಮೇಡಂ?" "ಅದೇ ಹಳೇ ಚಾಳಿ" ಎಂದೆ. ತಲೆಗೆ ಸಿ.ಟಿ. ಆಯಿತು, ಏನೂ ಇಲ್ಲ ಎಂದು ಬಂತು. ಸಿ.ಟಿ. ನಾರ್ಮಲ್ ಎಂದರೆ ಮನೆಯವರು ಕೈಮುಗಿಯುತ್ತಾರೆ. ಆದರೆ ಕಿವಿಯ ಹಿಂದಿನ ಎಲುಬು ದಪ್ಪ. ಅದರ ನೆರಳು ಗೀರು ಗೀರಾಗಿ ಬಿದ್ದು ಮೆದುಳಿನ ಕಾಂಡ, ಮೈಯ ಸಮತೋಲ ಕಾಯುವ ಕಿರುಮೆದುಳು ಎರಡೂ ಸಿ.ಟಿ.ಯಲ್ಲಿ ಸರಿಯಾಗಿ ಕಾಣುವುದಿಲ್ಲ. ಇದು ನನಗೆ ಗೊತ್ತಿತ್ತು. ಬೇರೆಯವರ ತಮ್ಮನಾಗಿದ್ದರೆ ಬಾಯಿಬಿಟ್ಟು ಹೇಳುತ್ತಲೂ ಇದ್ದೆ.

ಮರುದಿನವೂ ತೂರಾಟ ನಿಲ್ಲದಿದ್ದಾಗ ಎಮ್.ಆರ್.ಐ. ಮಾಡಿಬಿಡೋಣ ಎಂದುಕೊಂಡೆ. ಸಾಲಿನಲ್ಲಿ ಬಂದರೆ ಒಂಬತ್ತು ದಿನ ಕಾಯಬೇಕು. ಮೊದಲು ನರರೋಗದ ಡಾಕ್ಟರಮ್ಮ ನೋಡಿ ಚೀಟಿ ಬರೆಯಬೇಕು. ಅಕ್ಕ ಒಳಗಿರುವಾಗ ಅದೆಲ್ಲ ಯಾಕೆ? ಊಟದ ಹೊತ್ತಿನಲ್ಲಿ ಇಬ್ಬರು ರೋಗಿಗಳ ನಡುವೆ ಅವನನ್ನು ನುಗ್ಗಿಸಿದೆ. ಎಲ್ಲರ ಕೈಕಾಲು ಹಿಡಿದು ತಮ್ಮನಿಗೆ ಮಾಡಿದ ಉಪಕಾರ ಅದು. ಆ ಉಪಕಾರವೇ ಅವನಿಗೆ ಮುಳುವಾಯಿತು.

ಫಾರಂ ಕೈಗೆ ತೆಗೆದುಕೊಂಡೆ. ಅವನು ಎದುರಿನ ಸ್ಟೂಲಿನ ಮೇಲೆ ಗೋಡೆಗೆ ಒರಗಿ ಕೂತಿದ್ದ. ನಮ್ಮವನು, ಕೇಳುವುದೇನಿದೆ? ಯಂತ್ರ, ಇಲ್ಲ. ಲೋಹ, ಇಲ್ಲ. ಜ್ವರ, ಇಲ್ಲ. ಮಾತ್ರೆ, ಇಲ್ಲ. ಹಿನ್ನೆಲೆ ಎಂಬ ಕಾಲಂನಲ್ಲಿ 'ದೀರ್ಘಕಾಲದ ಮದ್ಯಪಾನ' ಎಂದು ಬರೆದೆ. ಅರ್ಧ ನಿಮಿಷದಲ್ಲಿ ಇಪ್ಪತ್ತೆರಡೂ ಮುಗಿದವು. ತಲೆಯೆತ್ತಿದರೆ ಅವನು ಒಂದು ಕಣ್ಣು ಮುಚ್ಚಿಕೊಂಡು ನನ್ನ ಕೈಯನ್ನೇ ನೋಡುತ್ತಿದ್ದ. ನೆಲ ಸಮ ಇದೆಯಾ ಎಂದು ನೋಡುವಾಗ ಮುಚ್ಚುತ್ತಿದ್ದ ಹಾಗೆ. ಎರಡೆರಡು ಕಾಣುವವರು ಒಂದು ಕಣ್ಣು ಮುಚ್ಚಿಯೇ ಓದುತ್ತಾರೆ ಎಂಬುದು ನನಗೆ ಹೊಳೆದದ್ದು ಆಮೇಲೆ.

ಒಳಗೆ ಮಲಗಿಸಿದರೆ ಬಿಕ್ಕಳಿಕೆ. ಒಂದೊಂದು ಬಿಕ್ಕಳಿಕೆಗೂ ತಲೆ ಕುಲುಕಿ ಚಿತ್ರ ಕಲಸಿಹೋಗುತ್ತಿತ್ತು. "ಅಲ್ಲಾಡಬೇಡ!" ಎಂದು ಮೈಕಿನಲ್ಲಿ ಗದರಿದೆ. "ಯಾರೋ ನೆನೆಸ್ಕೋತಿದಾರೆ ಅಕ್ಕ" ಎಂದು ಒಳಗಿನಿಂದ ತೊದಲು ದನಿ ಬಂತು. ನನಗೆ ಮೈಯೆಲ್ಲ ಉರಿಯಿತು. ಹೊರಗೆ ಮುಂದಿನ ರೋಗಿ ಬಂದು ಕೂತಿದ್ದ. ರಕ್ತಕ್ಕೆ ಔಷಧಿ ಬಿಟ್ಟು ತೆಗೆಯುವ ಚಿತ್ರಗಳನ್ನು ಬಿಟ್ಟೆ. ತಲೆಯ ಹಿಂಭಾಗದ ತೆಳು ಪದರದ ಚಿತ್ರಗಳನ್ನೂ ಬಿಟ್ಟೆ. ಕುಡುಕನಿಗೆ ಇಷ್ಟು ಸಾಕು.

ಚಿತ್ರ ಓದುವವರು ನಮ್ಮ ಕತ್ತಲೆ ಡಾಕ್ಟರು. ದೀಪ ಆರಿಸಿಕೊಂಡು ಪರದೆಗಳ ಮುಂದೆ ದಿನವಿಡೀ ಕೂರುತ್ತಾರೆ, ಅದಕ್ಕೆ ಆ ಹೆಸರು. ಒಳ್ಳೆಯ ಮನುಷ್ಯ. ಮೆದುಳಿನ ಕಾಂಡದ ಹಿಂಬದಿಗೆ ಬೆರಳಿಟ್ಟರು.

"ಇಲ್ಲಿ ಸ್ವಲ್ಪ ಬೆಳ್ಳಗಿದೆ ನೋಡಿ. ಎಡಗಡೆ ಜಾಸ್ತಿ. ಜ್ವರ ಏನಾದ್ರೂ ಬಂದಿತ್ತಾ?"

"ಇಲ್ಲ ಸಾರ್. ಬರೆದಿದೀನಲ್ಲ."

"ನಿಮ್ಮ ತಮ್ಮ ಅಲ್ವಾ. ನಿಮಗೆ ಗೊತ್ತಿಲ್ದೆ ಇರುತ್ತಾ" ಎಂದರು.

ವರದಿ ಬಂತು. ದೀರ್ಘಕಾಲದ ಮದ್ಯಪಾನಕ್ಕೆ ಹೊಂದುವ ಬದಲಾವಣೆ, ವಿಟಮಿನ್ ಕೊರತೆ ಇರಬಹುದು. ವಿಟಮಿನ್ ಇಂಜೆಕ್ಷನ್ ಕೊಟ್ಟು ಮನೆಗೆ ಕಳಿಸಿದರು. ಆ ಸಂಜೆ ನಾನು ತಮ್ಮನ ಹೆಂಡತಿಯ ಮುಂದೆ ವರದಿ ಹಿಡಿದು, "ಈಗ ಹೇಳು, ಯಾರ ಕಣ್ಣು ದೊಡ್ಡದು?" ಎಂದು ಕೇಳಿದೆ. ಹೌದು, ಈ ಬಾಯಿಂದಲೇ ಕೇಳಿದೆ. ಅವಳು ವರದಿಯನ್ನು ಓದಿ, ಮಡಚಿ, ನನ್ನ ಕೈಗೇ ಕೊಟ್ಟಳು. ತಮ್ಮ ಗೋಡೆ ಕಡೆ ಮುಖ ಮಾಡಿ ಮಲಗಿದ್ದ.

ಅದಾದ ಮೂರನೆಯ ದಿನ ಕುಡಿದ ನೀರು ಅವನ ಮೂಗಿನಿಂದ ಬಂತು. ಮುಖದ ಎಡಭಾಗ ಇಳಿಬಿದ್ದಿತು. ಈ ಸಲ ಅವಳು ನನಗೆ ಫೋನ್ ಮಾಡಲಿಲ್ಲ. ತಾನೇ ಆಂಬುಲೆನ್ಸ್ ಕರೆಸಿ ನೇರವಾಗಿ ನರರೋಗದ ಡಾಕ್ಟರಮ್ಮನ ಹತ್ತಿರ ಹೋಗಿದ್ದಳು. ಸುದ್ದಿ ತಿಳಿದು ನಾನು ಓಡಿದಾಗ ಡಾಕ್ಟರಮ್ಮ ಅವಳನ್ನು ಎದುರಿಗೆ ಕೂರಿಸಿಕೊಂಡು ಕೇಳುತ್ತಿದ್ದರು. ನಾನು ಕೇಳಬೇಕಾಗಿದ್ದ ಪ್ರಶ್ನೆಗಳೇ, ಅದೇ ಸಾಲಿನಲ್ಲಿ.

"ಇದು ಶುರುವಾಗೋಕೆ ಮುಂಚೆ ಜ್ವರ ಬಂದಿತ್ತಾ?"

"ಬಂದಿತ್ತು ಡಾಕ್ಟ್ರೆ. ಐದು ದಿನ. ತಲೆನೋವು, ವಾಂತಿ. ಫ್ಲೂ ಇರ್ಬೇಕು ಅಂದ್ಕೊಂಡ್ವಿ. ಜ್ವರ ಇಳೀತು, ಈ ತೂರಾಟ ಶುರುವಾಯ್ತು."

"ಮಾತ್ರೆ ಏನಾದ್ರೂ ತಗೋತಿದ್ರಾ?"

"ಸಿಮೆಂಟಿಂದ ಕೈಯೆಲ್ಲ ತುರಿಕೆ. ಔಷಧಿ ಅಂಗಡಿಯವರು ಸ್ಟೀರಾಯ್ಡ್ ಅಂತೆ, ಯಾವುದೋ ಕೊಟ್ಟಿದ್ರು. ಮೂರು ತಿಂಗಳಿಂದ ನುಂಗ್ತಿದ್ರು."

"ಹೊರಗಡೆ ಏನಾದ್ರೂ ತಿಂದಿದ್ರಾ? ಫ್ರಿಜ್ಜಲ್ಲಿ ಬಹಳ ದಿನ ಇಟ್ಟಿದ್ದು?"

ಅವಳು ಯೋಚಿಸಿದಳು. "ಹಾಲಿನ ಕಾರ್ಖಾನೆಯ ತಣ್ಣನೆ ಉಗ್ರಾಣಕ್ಕೆ ಟೈಲ್ ಹಾಕ್ತಿದ್ರು. ದಿನಾಂಕ ಮುಗಿದಿದೆ, ಬಿಸಾಡೋ ಬದಲು ತಗೊಂಡು ಹೋಗಿ ಅಂತ ಮೆತ್ತನೆ ಚೀಸ್ ಒಂದು ದೊಡ್ಡ ಉಂಡೆ ಕೊಟ್ಟಿದ್ರು. ಸಂಜೆ ಹೊತ್ತು ಬಾಯಿ ಸುಮ್ನಿರಲ್ಲ ಅಂತ ಅದನ್ನೇ ತಿಂತಿದ್ರು. ಕುಡಿತ ಬಿಟ್ಮೇಲೆ ಸಂಜೆಗೆ ಏನಾದ್ರೂ ಬೇಕಿತ್ತು ಅವರಿಗೆ."

ಆ ಉಂಡೆಯ ಅರ್ಧವನ್ನು ಅವನು ನನಗೆ ತಂದುಕೊಟ್ಟಿದ್ದ. ನಾಲ್ಕು ದಿನ ಬ್ರೆಡ್ಡಿಗೆ ಹಚ್ಚಿಕೊಂಡು ಚಪ್ಪರಿಸಿ ತಿಂದಿದ್ದೆ. ನನಗೆ ಒಂದು ಸೀನೂ ಬರಲಿಲ್ಲ.

ಮತ್ತೆ ಸ್ಕ್ಯಾನ್ ಆಯಿತು, ಈ ಸಲ ಪೂರ್ತಿ. ನನ್ನನ್ನು ಹೊರಗೆ ಕೂರಿಸಿ ಬೇರೆಯವರು ಮಾಡಿದರು. ಔಷಧಿ ರಕ್ತಕ್ಕೆ ಇಳಿದ ಮೇಲೆ ಮೆದುಳಿನ ಕಾಂಡದಲ್ಲಿ, ಅಲ್ಲಿಂದ ಕಿರುಮೆದುಳಿಗೆ ಹೋಗುವ ದಾರಿಯಲ್ಲಿ, ಸಣ್ಣ ಸಣ್ಣ ಬಿಳಿ ಉಂಗುರಗಳು ಎದ್ದು ಕಂಡವು. ಒಂದೊಂದು ಉಂಗುರದ ಒಳಗೂ ಕೀವು. ಕತ್ತಲೆ ಡಾಕ್ಟರು ಪರದೆ ನೋಡಿದರು, ನನ್ನನ್ನು ನೋಡಲಿಲ್ಲ.

ಡಾಕ್ಟರಮ್ಮ ನನ್ನನ್ನು ಕೂರಿಸಿ ಹೇಳಿದರು. ಬೈದಿದ್ದರೆ ಚೆನ್ನಾಗಿತ್ತು, ಬೈಯಲಿಲ್ಲ. "ಈ ಜಾಗದಲ್ಲಿ ಉರಿಯೂತ ಬಂತು ಅಂದ್ರೆ ಕಾರಣ ಹತ್ತು ಇರುತ್ತೆ. ಕ್ರಿಮಿ ಇರಬಹುದು, ವೈರಸ್ ಇರಬಹುದು, ಕ್ಷಯ ಇರಬಹುದು. ಮೈಯ ರಕ್ಷಣೆಯೇ ತಿರುಗಿಬಿದ್ದು ಕಚ್ಚಿರಬಹುದು. ಎಲ್ಲೋ ಅಡಗಿರೋ ಕ್ಯಾನ್ಸರ್ ಇರಬಹುದು. ವಿಟಮಿನ್ ಕೊರತೆಗೂ ಹತ್ತಿರ ಹತ್ತಿರ ಹೀಗೇ ಬೆಳ್ಳಗೆ ಕಾಣುತ್ತೆ. ಚಿತ್ರ ಜಾಗ ತೋರಿಸುತ್ತೆ ಅಷ್ಟೆ. ಕಾರಣ ಹೇಳಬೇಕಾದವರು ಮನುಷ್ಯರು. ನಿಮಗೆ ನಾನು ಹೇಳಬೇಕಾ?"

ರಕ್ತದಲ್ಲಿ ಲಿಸ್ಟೀರಿಯಾ ಎಂಬ ಕ್ರಿಮಿ ಬೆಳೆಯಿತು. ಬೇರೆ ಕ್ರಿಮಿಗಳು ತಣ್ಣಗಿದ್ದರೆ ಮುದುಡಿಕೊಂಡು ಬಿದ್ದಿರುತ್ತವಂತೆ, ಇದು ಫ್ರಿಜ್ಜಿನೊಳಗೂ ನಿಧಾನವಾಗಿ ಮರಿ ಹಾಕುತ್ತದಂತೆ. ತಿಂದವರಿಗೆಲ್ಲ ಏನೂ ಆಗುವುದಿಲ್ಲ. ಸ್ಟೀರಾಯ್ಡ್ ನುಂಗಿ ಮೈಯ ಕಾವಲು ಸಡಿಲವಾದವನಿಗೆ ಮೆದುಳಿನವರೆಗೂ ಹತ್ತುತ್ತದೆ. ಇದಕ್ಕೆ ಔಷಧಿ ಇದೆ, ಹೊಸದೂ ಅಲ್ಲ, ಹಳೆಯ ಸಾಧಾರಣ ಇಂಜೆಕ್ಷನ್. ಬೇಗ ಕೊಟ್ಟಷ್ಟೂ ಒಳ್ಳೆಯದು. ಅದರಲ್ಲಿ ನಾಲ್ಕು ದಿನವನ್ನು ನಾನು ತಿಂದುಹಾಕಿದ್ದೆ.

ಹದಿನೇಳು ದಿನ ಅವನು ಉಸಿರಾಟದ ಯಂತ್ರದಲ್ಲಿದ್ದ. ನಾನು ಗಾಜಿನಾಚೆ ನಿಂತು ನೋಡುತ್ತಿದ್ದೆ. ಒಂದು ದಿನ ಅವನ ಹೆಂಡತಿ ಪಕ್ಕ ಬಂದು ನಿಂತಳು. "ತಪ್ಪಾಯ್ತು ಕಣೆ" ಎಂದೆ. ಅವಳು ಗಾಜಿನಿಂದ ಕಣ್ಣು ತೆಗೆಯದೆ, "ನಾನು ಮೂಗು ಅಂದೆ, ನೀವು ಕಣ್ಣು ಅಂದ್ರಿ. ಅವರಿಗೆ ಒಂದು ಬಾಯಿ ಇತ್ತಲ್ಲ ಅತ್ತಿಗೆ" ಎಂದಳು.

ಬದುಕಿದ. ಎಲ್ಲರೂ ಪವಾಡ ಎಂದರು, ಸಿಹಿ ಹಂಚಿದರು. ಆದರೆ ಕಿರುಮೆದುಳು ಕಳೆದುಕೊಂಡದ್ದನ್ನು ವಾಪಸ್ ಕೊಡಲಿಲ್ಲ. ಕಾಲು ಅಗಲಿಸಿ ತೂರಾಡುತ್ತಲೇ ನಡೆಯಬೇಕು. ಮಾತು ಎಳೆದೆಳೆದು ಬರುತ್ತದೆ. ಕೈ ಸುಮ್ಮನಿದ್ದಾಗ ಸುಮ್ಮನಿರುತ್ತದೆ. ಯಾವುದನ್ನಾದರೂ ಹಿಡಿಯಲು ಹೋದರೆ ನಡುಗುತ್ತದೆ, ಗುರಿ ಹತ್ತಿರವಾದಷ್ಟೂ ನಡುಕ ಜಾಸ್ತಿ. ಟೈಲ್ ಕೂರಿಸುವವನಿಗೆ ಇದಕ್ಕಿಂತ ಸರಿಯಾದ ಶಿಕ್ಷೆಯನ್ನು ಯಾವ ಹಗೆಯೂ ಯೋಚಿಸಲಾರ. ಬೀದಿಯಲ್ಲಿ ಹೋದರೆ ತಾಯಂದಿರು ಮಕ್ಕಳನ್ನು ಪಕ್ಕಕ್ಕೆ ಎಳೆದುಕೊಳ್ಳುತ್ತಾರೆ. ಬಸ್ಸು ಹತ್ತಲು ಹೋದರೆ ಕಂಡಕ್ಟರ್, "ಏರಿರೋದು ಇಳಿದ್ಮೇಲೆ ಬಾ ಗುರು" ಎನ್ನುತ್ತಾನೆ. ಮೊದಮೊದಲು ಅವನು ನಿಂತು ಎಲ್ಲರಿಗೂ ವಿವರಿಸುತ್ತಿದ್ದನಂತೆ. ತೊದಲುತ್ತ ಕುಡಿದಿಲ್ಲ ಎನ್ನುವವನನ್ನು ಯಾರು ನಂಬುತ್ತಾರೆ? ಒಡಹುಟ್ಟಿದ ಅಕ್ಕನೇ ನಂಬಲಿಲ್ಲ. "ಈಚಲ ಮರದ ಕೆಳಗೆ ಕೂತು ಮಜ್ಜಿಗೆ ಕುಡಿದ ಹಾಗಾಯ್ತು ನನ್ನ ಬಾಳು. ಮರ ನಾನೇ ಹೊತ್ಕೊಂಡು ತಿರುಗ್ತಿದೀನಿ" ಎಂದು ಒಮ್ಮೆ ನಗೆಯಾಡಿದ. ಆಮೇಲೆ ವಿವರಿಸುವುದನ್ನೂ ಬಿಟ್ಟ.

ನಾನು ಫಾರಂನಲ್ಲಿ ಬರೆದಿದ್ದ ಆ ಸಾಲನ್ನಾದರೂ ಅಳಿಸೋಣ ಎಂದು ದಾಖಲೆ ವಿಭಾಗಕ್ಕೆ ಹೋದೆ. ಕಂಪ್ಯೂಟರಿನಲ್ಲಿ ಅದು ಒಂದು ಕಡೆ ಇರಲಿಲ್ಲ. ಮೊದಲ ವರದಿಯಿಂದ ದಾಖಲಾತಿ ಹಾಳೆಗೆ, ಅಲ್ಲಿಂದ ಬಿಡುಗಡೆ ಪತ್ರಕ್ಕೆ, ಅಲ್ಲಿಂದ ವ್ಯಾಯಾಮ ವಿಭಾಗದ ಚೀಟಿಗೆ ಹೋಗಿತ್ತು. ಒಬ್ಬರನ್ನು ನೋಡಿ ಒಬ್ಬರು ನಕಲು ಮಾಡಿದ್ದರು. ದೀರ್ಘಕಾಲದ ಮದ್ಯಪಾನ. ಗುಮಾಸ್ತ ತಲೆ ಕೆರೆದುಕೊಂಡ. "ಸಹಿ ಆಗಿದ್ದನ್ನ ತೆಗೆಯೋ ಹಾಗಿಲ್ಲ ಮೇಡಂ. ಅಷ್ಟಕ್ಕೂ ಇದನ್ನ ಬರೆದಿರೋರು ನೀವೇ ಅಲ್ವಾ?"

ಹತ್ತನೆಯ ತಿಂಗಳಿಗೆ ಮರುಪರೀಕ್ಷೆಯ ಸ್ಕ್ಯಾನ್ ಇತ್ತು. ಅವನ ಹೆಂಡತಿ ಅವನನ್ನು ಬಾಗಿಲವರೆಗೆ ಕರೆತಂದು ಹೊರಗಿನ ಬೆಂಚಿನಲ್ಲಿ ಕೂತಳು. ಒಳಗೆ ಬರಲಿಲ್ಲ. ಕಂಪ್ಯೂಟರ್ ತಾನಾಗಿಯೇ ಹಳೆಯ ಉತ್ತರಗಳನ್ನು ತುಂಬಿಕೊಂಡು ನಿಂತಿತ್ತು. ನಾನು ಪರದೆ ಆರಿಸಿ, ಖಾಲಿ ಫಾರಂ ಒಂದನ್ನು ತೆಗೆದುಕೊಂಡು, ಅದೇ ಸ್ಟೂಲಿನ ಮೇಲೆ ಕೂತಿದ್ದ ಅವನ ಎದುರು ಕೂತೆ. ಗೊತ್ತಿಲ್ಲದವರನ್ನು ಕೇಳುವ ಹಾಗೆ ಒಂದರಿಂದ ಶುರುಮಾಡಿದೆ. ಹೆಸರು. ವಯಸ್ಸು. ಎದೆಯೊಳಗೆ ಯಂತ್ರ. ಕಣ್ಣಿಗೆ ಲೋಹದ ಚೂರು. ಅವನು ಪ್ರತಿಯೊಂದಕ್ಕೂ ನಿಧಾನವಾಗಿ, ಮಾತು ಕೂಡಿಸಿಕೊಂಡು ಉತ್ತರ ಕೊಟ್ಟ.

"ಜ್ವರ?"

"ಇಲ್ಲ."

"ಮಾತ್ರೆ?"

ಹೇಳಿದ. ಬರೆದುಕೊಂಡೆ. ಮುಂದಿನ ಪ್ರಶ್ನೆಯ ಮೇಲೆ ಪೆನ್ನು ಇಟ್ಟೆ.

"ಕುಡಿತ?"

ಅವನು ನಕ್ಕ. ಇಳಿಬಿದ್ದ ಕೆನ್ನೆ ನಗಲಿಲ್ಲ, ಇನ್ನೊಂದು ನಕ್ಕಿತು.

"ಈಗ ಕೇಳ್ತಿದೀಯಾ ಅಕ್ಕ?"

"ಕೇಳ್ತಿದೀನಿ ಪುಟ್ಟ. ನೀನು ಹೇಳಿದ್ದನ್ನೇ ಬರೀತೀನಿ. ದಪ್ಪ ಅಕ್ಷರದಲ್ಲಿ ಬರೀತೀನಿ. ಇಲ್ಲ ಅಂತ ಬರೆದು ಸಹಿ ಹಾಕ್ತೀನಿ, ಅದು ಯಾವ ಮೇಜಿಗೆ ಹೋಗ್ಬೇಕೋ ಅಲ್ಲಿಗೆಲ್ಲ ನಾನೇ ಹೊತ್ಕೊಂಡು ಹೋಗ್ತೀನಿ."

"ಹೌದು ಅಂತ ಬರ್ಕೋ."

"ಏನಂದೆ?"

"ಹೌದು. ಎರಡು ತಿಂಗಳಾಯ್ತು." ಅವನ ದನಿಯಲ್ಲಿ ಸಿಟ್ಟೇ ಇರಲಿಲ್ಲ. "ಐದನೇ ಟೈಲ್ ದಿನ ಬಂತಲ್ಲ. ಯಂತ್ರದಲ್ಲಿ ಮಲಗಿದ್ದಾಗ್ಲೂ ಆ ದಿನಾನೇ ಎಣಿಸ್ತಿದ್ದೆ. ಬಿಳೀದು ಕಿತ್ತೆ. ನೀಲಿ ಟೈಲಿಗೆ ಗಾರೆ ಹಚ್ಚಿದೆ. ಗೋಡೆ ಹತ್ತಿರ ಹೋದ ಹಾಗೆ ಕೈ ಕುಣಿಯೋಕೆ ಶುರುವಾಯ್ತು. ಪಕ್ಕದ ನಾಲ್ಕಕ್ಕೂ ತಗುಲಿ ಕೈಯಲ್ಲಿದ್ದದ್ದು ಒಡೀತು. ಇನ್ನೊಂದು ತಗೊಂಡೆ, ಅದೂ ಒಡೀತು. ಅವಳು ನಾನು ಕೂರಿಸ್ತೀನಿ ಬಿಡಿ ಅಂದ್ಲು. ಅವಳು ಕೂರಿಸಿದ್ರೆ ಅದು ನಂದಾಗುತ್ತಾ? ಎದ್ದು ಮೂಲೆ ಅಂಗಡಿಗೆ ಹೋದೆ. ಅಕ್ಕ, ನಾನು ಸಿಗರೇಟು ತಗೊಳ್ಳೋಣ ಅಂತ ಹೋಗಿದ್ದು, ಸತ್ಯವಾಗ್ಲೂ. ನಾನು ತೂರಾಡ್ಕೊಂಡು ಬರ್ತಿರೋದು ದೂರದಿಂದಾನೇ ನೋಡಿದ ಅಂಗಡಿಯವನು. ಗಲ್ಲಾ ಕೆಳಗಿಂದ ಬ್ರಾಂದಿ ಬಾಟ್ಲು ತೆಗೆದು ಮುಂದೆ ಇಟ್ಟ."

ಒಂದು ಬಿಕ್ಕಳಿಕೆ ಬಂತು. ನುಂಗಿಕೊಂಡ.

"ಅವನೂ ನನ್ನ ಏನೂ ಕೇಳ್ಲಿಲ್ಲ."

ಹೊರಗೆ ಬೆಂಚಿನ ಮೇಲೆ ಅವನ ಹೆಂಡತಿ ಕೂತಿದ್ದಳು, ಬಾಗಿಲ ಸಂದಿಯಲ್ಲಿ ಅವಳ ಸೆರಗು ಕಾಣುತ್ತಿತ್ತು. ಅವನು ಒಂದು ಕಣ್ಣು ಮುಚ್ಚಿ ನನ್ನ ಕೈ ನೋಡುತ್ತ ಕಾದ. ಹಿನ್ನೆಲೆ ಎಂಬ ಕಾಲಂನಲ್ಲಿ ನಾನು ಮೊದಲು ಬರೆದಿದ್ದನ್ನೇ ಮತ್ತೆ ಬರೆದೆ. ಈ ಸಲ ಅದು ನಿಜವಾಗಿತ್ತು.